ಮಾಲೇ ಸರಿ ಇಲ್ಲ ಎಂದವರ ಗಾಲ್ಫ್ ಕೋಲು

ಗಾಲ್ಫ್ ಮೈದಾನವೊಂದರ ಸಾಮಾನು ಕೋಣೆಯಲ್ಲಿ ಹನ್ನೆರಡು ವರ್ಷ ದುಡಿದು ಬಿಟ್ಟ ಮೇಲೆ, ಪಾಂಡವಪುರದ ನಮ್ಮ ಮನೆಯ ಹಿತ್ತಲಲ್ಲೇ ಮುರಿದ ಗಾಲ್ಫ್ ಕೋಲುಗಳನ್ನು ರಿಪೇರಿ ಮಾಡತೊಡಗಿದೆ. ಆಡಿ ಆಡಿ ಸವೆದ ಕೋಲು ನನ್ನ ಬಳಿ ಬರುವುದು ಅಪರೂಪ. ಬರುವುದೆಲ್ಲ ಸಿಟ್ಟಿನಲ್ಲಿ ಮುರಿದವು. ಚೆಂಡು ನೀರಿಗೆ ಬಿದ್ದರೆ ನೆಲಕ್ಕೆ ಬಡಿಯುತ್ತಾರೆ, ಗುಳಿ ತಪ್ಪಿದರೆ ಮೊಣಕಾಲಿಗೆ ಕೊಟ್ಟು ಮುರಿಯುತ್ತಾರೆ. ಮೂರು ವರ್ಷದ ಮಗು ತಟ್ಟೆ ಎಸೆದರೆ ಬೆನ್ನಿಗೊಂದು ಬೀಳುತ್ತದೆ. ಇವರನ್ನು ಕೇಳುವವರಿಲ್ಲ.

ಒಂದು ದಿನ ಕೆ.ಆರ್. ಪೇಟೆ ಕಡೆಯ ಜಮೀನುದಾರರೊಬ್ಬರು ಬಂದರು. ದೊಡ್ಡವರ ಸಹವಾಸಕ್ಕೆಂದೇ ಐವತ್ತು ದಾಟಿದ ಮೇಲೆ ಗಾಲ್ಫ್ ಕಲಿತ ಆಸಾಮಿ. ಎರಡು ತುಂಡುಗಳನ್ನು ಜಗಲಿಯ ಮೇಲೆ ಹಾಕಿ, "ಚೆಂಡು ಒಡೀತಿದ್ದಂಗೇ ಮುರ್ದೋಯ್ತು ಕಣ್ಲಾ. ಮಾಲೇ ಸರಿ ಇಲ್ಲ," ಎಂದು ಹೇಳಿ ಕಾರು ಹತ್ತಿದರು.

ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅವ್ವ ತುಂಡುಗಳನ್ನು ನೋಡಿದಳು.

"ಇದ್ರಲ್ಲಿ ಏನ್ಲಾ ಒಡೀತಾರೆ?"

"ಇಷ್ಟು ಚೆಂಡು ಕಣವ್ವ, ನಿಂಬೆಣ್ಣಿನಷ್ಟು."

"ಅಷ್ಟಕ್ಕೇ ಕಬ್ಣ ಮುರೀತದಾ? ಸುಳ್ಳು ಬೊಗಳವ್ನೆ ಬುಡು."

ಅವಳೆಂದದ್ದು ನಿಜ. ಕೋಲಿನ ತಲೆಯ ಗೀರುಗಳಲ್ಲಿ ಮರದ ತೊಗಟೆ ಮೆತ್ತಿಕೊಂಡಿತ್ತು. ತಲೆಯ ಕುತ್ತಿಗೆಯನ್ನು ಗ್ಯಾಸ್ ಉರಿಗೆ ಹಿಡಿದು ಕಾಯಿಸಿ, ಒಳಗೆ ಸಿಕ್ಕಿದ್ದ ಮುರಿದ ಕೊಳವೆಯ ತುಂಡನ್ನು ಇಕ್ಕಳದಿಂದ ತಿರುಚಿ ಎಳೆದೆ. ಹಳೆಯ ಅಂಟು ಕೆರೆದು ಹೊಸ ಕೊಳವೆ ಅಂಟಿಸಿ ಒಂದು ದಿನ ಒಣಗಲು ಬಿಟ್ಟೆ. ತೊಗಟೆಯನ್ನು ಮಾತ್ರ ಬೇಕೆಂದೇ ತೆಗೆಯಲಿಲ್ಲ.

ಮೂರನೆಯ ದಿನ ಅವರು ಬಂದು ಕೋಲನ್ನು ತಿರುಗಿಸಿ ನೋಡಿದರು. ನಂತರ ಯಾರಿಗೋ ಫೋನು ಮಾಡಿ, ಸ್ಪೀಕರ್ ಹಾಕಿ ನನ್ನ ಮುಖದ ಮುಂದೆ ಹಿಡಿದರು.

"ನಮ್ ಆಟದವ್ರು ನಗ್ತಾವ್ರೆ ಕಣ್ಲಾ. ಮಾಲು ಸರಿ ಇರ್ನಿಲ್ಲ ಅಂತ ನೀನೇ ಒಂದ್ ಮಾತು ಯೋಳ್ಬುಡು."

ಎಪ್ಪತ್ತು ಎಕರೆಯ ಒಡೆಯ ನನ್ನ ಹಿತ್ತಲಲ್ಲಿ ನಿಂತು ಸಾಕ್ಷಿ ಬೇಡುತ್ತಿದ್ದುದನ್ನು ನೋಡಿ ಹೇಸಿಗೆಯಾಯಿತು.

"ಮಾಲು ಚೆನ್ನಾಗೇ ಇತ್ತು ಸಾರ್," ಎಂದೆ ಫೋನಿಗೆ. "ಮರಕ್ಕೆ ಬಡಿದವ್ರೆ. ತೊಗಟೆ ಇನ್ನೂ ಅಂಟ್ಕೊಂಡದೆ."

ಆ ಕಡೆ ನಾಲ್ಕೈದು ಜನ ಒಟ್ಟಿಗೇ ನಕ್ಕರು. ಇವರು ಫೋನು ಕಟ್ ಮಾಡಿ, ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಮುಂದಿನ ತಿಂಗಳು ಅವರ ಡ್ರೈವರು ಇನ್ನೊಂದು ಮುರಿದ ಕೋಲು ತಂದ. ಹೇಗೆ ಮುರಿಯಿತೆಂದು ಕೇಳಿದೆ.

ಅವನು ಬಾಗಿಲ ಕಡೆ ನೋಡಿಕೊಂಡು, "ನಾನೇನೂ ನೋಡಿಲ್ಲ ಅನ್ನು ಅಂತ ಯೋಳವ್ರೆ ಅಣ್ಣ," ಎಂದ.