ಬ್ರೇಕಿಗೆ ಬೇರೆ ಯಾರೂ ಕೈ ಹಾಕಿಲ್ಲ

ಅಂಕೋಲೆಯಲ್ಲಿ ಈ ಸಂಗತಿಯನ್ನು ಹೇಳುವವರು ಹೇಳುವುದು ಹೀಗೆ: ಮಾಸ್ತರರ ಮಗ ಕಾರವಾರದಿಂದ ರೇಸ್ ಸೈಕಲ್ ತಂದ, ಸೈಕಲ್ ಅಂಗಡಿಯವ ತನಗೆ ಗೊತ್ತಿಲ್ಲದ ಕೆಲಸಕ್ಕೆ ಇಳಿದು ಬ್ರೇಕ್ ಸರಿಯಾಗಿ ಕಟ್ಟಲಿಲ್ಲ, ಬೇಲೆಕೇರಿಯ ಇಳಿಜಾರಿನಲ್ಲಿ ಹುಡುಗ ಸಾಯಬೇಕಿತ್ತು, ಉಳಿದದ್ದೇ ಪುಣ್ಯ. ಹೇಳಿ ಮುಗಿಸುವಾಗ ನನ್ನ ಕಡೆ ಒಂದು ಕನಿಕರದ ನೋಟವೂ ಬರುತ್ತದೆ.

ಎದುರಿನವರ ವಾದ ಎಷ್ಟು ನುಣ್ಣಗಿದೆಯೋ ಅಷ್ಟು ಅನುಮಾನಪಡಬೇಕು ಎಂಬುದು ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ಈ ಕಥೆ ಬಹಳ ನುಣ್ಣಗಿದೆ. ಬ್ರೇಕ್ ಸರಿಯಾಗಿ ಕಟ್ಟಿರಲಿಲ್ಲ ಎಂದಾದರೆ ಅದೇ ಸೈಕಲ್ ಮೂರು ತಿಂಗಳು ಹೆದ್ದಾರಿಯಲ್ಲಿ, ಅದಿರು ಲಾರಿಗಳ ನಡುವೆ, ಬೇಕೆಂದಲ್ಲಿ ನಿಂತದ್ದು ಹೇಗೆ? ಸಾಯಬೇಕಿದ್ದವನು ನಾನು ಎನ್ನುತ್ತಾರಲ್ಲ, ಹಾಗಾದರೆ ಕೈ ಮುರಿದದ್ದು ಯಾರದು? ಇಷ್ಟು ಸಣ್ಣ ಪ್ರಶ್ನೆಗಳನ್ನು ಊರಲ್ಲಿ ಯಾರೂ ಕೇಳಿಲ್ಲ. ಪ್ರಶ್ನೆ ಕೇಳುವುದಕ್ಕೇ ಊರಲ್ಲಿ ಹೆಸರು ಮಾಡಿದ್ದ ನಾನು ಕೇಳಬಹುದಿತ್ತು. ಆದರೆ ಆ ಕಥೆಗೆ ತಳಪಾಯ ಹಾಕಿದವನೇ ನಾನು.

ಆ ಸೈಕಲ್ ಸಿಕ್ಕಿದ್ದು ಕಾರವಾರದ ಕೋಡಿಬಾಗದಲ್ಲಿ. ನಾನಾಗ ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಡಿಗ್ರಿ ಓದುತ್ತಿದ್ದೆ. ಅಲ್ಲಿ ಬಾಡಿಗೆ ಮನೆಯಲ್ಲಿದ್ದ ನೌಕಾದಳದ ಅಧಿಕಾರಿಯೊಬ್ಬರಿಗೆ ವರ್ಗವಾಗಿತ್ತು. ಸಾಮಾನಿನ ಜೊತೆ ಕಳಿಸಲೆಂದು ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿದವರು ಕೊನೆಗೆ ಮನಸ್ಸು ಬದಲಿಸಿ ಮಾರುತ್ತೇನೆಂದರು. ನನ್ನ ಬಹುಮಾನದ ದುಡ್ಡೆಲ್ಲ ಅದಕ್ಕೆ ಹೋಯಿತು. ಪೆಟ್ಟಿಗೆ ಬಸ್ಸಿನ ಟಾಪ್ ಏರಿತು. ಅದರೊಳಗೆ ಹಿಡಿಸದೆ ಉಳಿದ ಬಾಗಿದ ಹ್ಯಾಂಡಲ್ಲನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕಿಟಕಿಯ ಪಕ್ಕ ಕೂತೆ.

"ಟಗರಿನ ಕೋಡು ತಕಂಡು ಎಲ್ಲಿಗೆ ಹೊರಟ್ಯೋ?" ಎಂದ ಕಂಡಕ್ಟರ್. "ಟಗರು ಟಾಪ್ ಮೇಲೆ ಅದ್ಯಾ?"

ಬಸ್ಸಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಅಂಥ ಸೈಕಲ್ ಇಡೀ ತಾಲೂಕಿನಲ್ಲಿ ಇಲ್ಲ ಎಂಬುದೇ ನನ್ನ ತಲೆಯಲ್ಲಿದ್ದದ್ದು.

ಸೈಕಲ್ ಅಂಗಡಿಯವರನ್ನು ಊರೆಲ್ಲ ಮಾಮ ಎನ್ನುತ್ತಿತ್ತು, ನಾನೂ. ಪಂಕ್ಚರಿನ ನೀರಿನ ಬೋಗುಣಿ, ಒಂದು ಬೆಂಚು, ಗೋಡೆಗೆ ತೂಗಿದ ಹಳೆ ಟೈರುಗಳು, ಅಷ್ಟೇ ಅಂಗಡಿ. ಮನೆಗೊಂದು ಬೈಕು ಬಂದಮೇಲೆ ಅಲ್ಲಿ ಕೆಲಸ ಕಡಿಮೆಯಾಗಿತ್ತು. ಪೆಟ್ಟಿಗೆ ಬಿಚ್ಚಿದಾಗ ಮಾಮ ಯಾವುದಕ್ಕೂ ಸ್ಪಾನರ್ ಹಾಕಲಿಲ್ಲ. ಒದ್ದೆ ಗೋಣಿಚೀಲ ಹಾಸಿ ಒಂದೊಂದೇ ತುಂಡನ್ನು ಅದರ ಮೇಲೆ ಸೈಕಲ್ಲಿನ ಆಕಾರದಲ್ಲಿ ಜೋಡಿಸುತ್ತ ಹೋದರು. ಗೊತ್ತಿಲ್ಲದ ತುಂಡು ಬಂದಾಗ ಅದನ್ನು ಪಕ್ಕಕ್ಕಿಟ್ಟು ಚಹ ಕುಡಿದು ಬರುತ್ತಿದ್ದರು.

"ಇದರ ಸೀಟೆಲ್ಲಿ ತಮಾ?"

"ಅದೇ ಸೀಟು ಮಾಮ, ನಿಮ್ಮ ಕೈಲಿ ಇರೂದು."

"ಇದಾ? ನಾ ಮೀನು ಕೊಯ್ಯೂ ಕತ್ತಿ ಅಂದ್ಕಂಡೆ. ಮದುವೆ ಆಗೂ ತನಕ ಇದರ ಮೇಲೆ ಜಾಸ್ತಿ ಕೂರಬೇಡ."

ಮೂರು ದಿನ ಹಿಡಿಯಿತು. ಟ್ಯೂಬಿನ ವಾಲ್ವು ಕಡ್ಡಿಯಷ್ಟು ಸಪೂರ, ಊರಿನ ಯಾವ ಪಂಪೂ ಅದಕ್ಕೆ ಕೂರುತ್ತಿರಲಿಲ್ಲ. ಮಾಮ ಹಿತ್ತಾಳೆಯ ತುಂಡೊಂದನ್ನು ಅರ ಹಾಕಿ ತಿಕ್ಕಿ ತಿಕ್ಕಿ ಅದಕ್ಕೊಂದು ಮೂತಿ ಮಾಡಿದರು. ಮುಂದಿನ ಬ್ರೇಕಿನ ಕೇಬಲ್ ತುಂಡಾಗಿತ್ತು. ಸ್ಕೂಟರಿನ ಕೇಬಲ್ ತಂದು ತುದಿಯ ಗುಂಡನ್ನು ಅಳತೆಗೆ ಇಳಿಸಿದರು. ಕೊನೆಗೆ ಸೈಕಲ್ಲನ್ನು ರಸ್ತೆಗೆ ತಂದು, ತಾವು ಹತ್ತದೆ, ಪಕ್ಕದಲ್ಲಿ ಓಡುತ್ತ ಓಡುತ್ತ ಥಟ್ಟನೆ ಬ್ರೇಕು ಹಿಡಿದರು. ಹಿಂದಿನ ಚಕ್ರ ನೆಲಬಿಟ್ಟು ಎದ್ದಿತು. ಆ ವಯಸ್ಸಿನವರ ಮುಖದಲ್ಲಿ ಅಂಥ ಖುಷಿ ನಾನು ಹೆಚ್ಚು ನೋಡಿಲ್ಲ.

ಕೊಡುವಾಗ ರಿಮ್ಮಿನ ಹೊಳೆಯುವ ಅಂಚನ್ನು ಬೆರಳಿಂದ ತೋರಿಸಿ ಒಂದು ಮಾತು ಹೇಳಿದರು. "ಇಲ್ಲಿ ಎಣ್ಣೆ ತಾಗ್ಸಬೇಡ. ರಬ್ಬರು ಹಿಡಿಯೂದು ಇಲ್ಲೇ."

ಅಷ್ಟಕ್ಕೆ ಸುಮ್ಮನೆ ಹ್ಞೂಂ ಎಂದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. "ಮಳೆಗಾಲಕ್ಕೆ ಮುಂಚೆ ನೀವೇ ಎಲ್ಲ ಸೈಕಲ್ಲಿಗೂ ಎಣ್ಣೆ ಒರೆಸ್ತೀರಿ. ರಿಮ್ಮಿಗೂ ಒರೆಸ್ತೀರಿ. ನಾ ನೋಡಿದ್ದೆ."

"ಅದು ಕಬ್ಬಿಣ. ತುಕ್ಕು ತಿಂತದೆ. ಇದು ಅಲುಮಿನಿ."

"ಅಲುಮಿನಿಗೆ ಉಪ್ಪುಗಾಳಿ ತಾಗೂದಿಲ್ವಾ? ಬಿಳಿ ಪುಡಿ ಬರ್ತದೆ. ಕೆಮಿಸ್ಟ್ರಿ ಮಾಮ."

"ಬರ್ತದೇನ. ಆ ಕಬ್ಬಿಣದ ಸೈಕಲ್ ಬ್ರೇಕು ಹಿಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ, ಎತ್ತಿನಗಾಡಿ ನಮೂನೆ ಹೋಗ್ತದೆ. ಇದು ಹಂಗಲ್ಲ."

"ಅಂದ್ರೆ ಎಣ್ಣೆ ಹಚ್ಚಿದ್ರೆ ಬ್ರೇಕು ಹಿಡಿಯೂದಿಲ್ಲ ಅಂತ ಗೊತ್ತಿದ್ದೂ ಇಷ್ಟು ವರ್ಷ ಊರಿನವರ ಸೈಕಲ್ಲಿಗೆ ಹಚ್ಚಿದ್ರಿ. ಇಲ್ಲಾ, ಹಿಡೀತದೆ ಅಂತ ಗೊತ್ತಿದ್ದು ನಂಗೆ ಬೇಡ ಹೇಳ್ತಿದ್ರಿ. ಎರಡರಲ್ಲಿ ಯಾವುದು?"

ಬೆಂಚಿನ ಮೇಲಿದ್ದ ಇಬ್ಬರು ಹೋ ಎಂದು ನಕ್ಕರು. ಮಾಮನೂ ನಕ್ಕರು. "ನಿನ್ನ ಕೂಡೆ ಮಾತಾಡಿ ಗೆಲ್ಲೂಕೆ ಆಗೂದಿಲ್ಲ. ಆದ್ರೆ ರಿಮ್ಮು ಮಾತು ಕೇಳ್ತಿಲ್ಲ, ತಮಾ."

ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಆ ವರ್ಷ ಅಪ್ಪ ಕಲಿಸುತ್ತಿದ್ದ ಹೈಸ್ಕೂಲಿಗೆ ಎಂಟನೇ ಇಯತ್ತೆಯ ಮಕ್ಕಳಿಗಾಗಿ ಸರಕಾರದ ಸೈಕಲ್ಲುಗಳು ಬರುವುದಿತ್ತು. ಬಿಡಿಬಿಡಿಯಾಗಿ ಬರುತ್ತವೆ, ಯಾರಾದರೂ ಕಟ್ಟಿಕೊಡಬೇಕು. ಅದರ ಜವಾಬ್ದಾರಿ ಅಪ್ಪನದು. ನನ್ನ ಸೈಕಲ್ ಕಟ್ಟಿದ ರೀತಿ ನೋಡಿ ಅಪ್ಪ ಅಂಗಡಿಗೇ ಹೋಗಿ ಮಾಮನಿಗೆ ಹೇಳಿ ಬಂದಿದ್ದರು: ಈ ಸಲ ಶಾಲೆಯ ಸೈಕಲ್ಲೆಲ್ಲ ನೀವೇ. ಮಳೆಗಾಲದಲ್ಲಿ ಆ ಅಂಗಡಿಗೆ ಗಿರಾಕಿಯೇ ಇರುವುದಿಲ್ಲ. ಶಾಲೆಯ ಕೆಲಸ ಸಿಕ್ಕರೆ ಆ ತಿಂಗಳುಗಳು ದಾಟುತ್ತವೆ. ಮಾಮ ಹೊಸದೊಂದು ಸ್ಪಾನರ್ ಸೆಟ್ಟು ತಂದರು, ನನಗೆ ಕರೆದು ತೋರಿಸಿದರು.

ನಮ್ಮ ಕಡೆ ಜೂನಿನ ಮಿರ್ಗದ ಮಳೆಗೆ ಮುಂಚೆ ಎಣ್ಣೆ ತಾಗದ ವಸ್ತು ಮನೆಯಲ್ಲಿ ಉಳಿಯುವುದಿಲ್ಲ. ಪಕ್ಕದ ಕೇಣಿ ಊರಿನಲ್ಲಿ ದೋಣಿಗಳನ್ನು ದಂಡೆಗೆ ಎಳೆದು ಎಣ್ಣೆ ಕುಡಿಸುತ್ತಾರೆ. ಮನೆಗಳಲ್ಲಿ ಬೀಗ, ಕತ್ತಿ, ಕಿಟಕಿಯ ಸರಳು, ಹೊಲಿಗೆ ಮಷೀನು. ನಮ್ಮ ಬಚ್ಚಲ ಗೋಡೆಗೆ ಹೊನ್ನೆ ಎಣ್ಣೆಯ ಬಾಟಲಿ ಸದಾ ತೂಗುತ್ತಿರುತ್ತದೆ. ಕಟು ವಾಸನೆಯ, ಹಚ್ಚಿದರೆ ಸುಲಭಕ್ಕೆ ಬಿಡದ ಎಣ್ಣೆ. ಮೇ ಕೊನೆಯ ಒಂದು ಸಂಜೆ ಅದನ್ನೂ ಹಳೆ ಬನಿಯನ್ನನ್ನೂ ಹಿಡಿದು ಸೈಕಲ್ಲಿನ ಮುಂದೆ ಕೂತೆ. ಚೈನಿಗೆ ಹಚ್ಚಿದೆ, ಚಕ್ರದ ಕಡ್ಡಿಗಳಿಗೆ ಹಚ್ಚಿದೆ, ಕಡ್ಡಿಯ ಬುಡದಲ್ಲಿ ಆಗಲೇ ಬಿಳಿ ಪುಡಿ ಕಂಡಿತು.

ರಿಮ್ಮಿಗೆ ಬಂದಾಗ ಮಾಮನ ಮಾತು ನೆನಪಾಗಲಿಲ್ಲ ಎನ್ನಲು ನನಗೂ ಇಷ್ಟ. ನೆನಪಾಯಿತು. ಆ ಬೆರಳು, ಆ ಅಂಚು, ಎಲ್ಲ ನೆನಪಾಯಿತು. ಬಟ್ಟೆ ಹಿಡಿದ ಕೈ ಅರೆಕ್ಷಣ ನಿಂತಿತು ಕೂಡ. ಆ ವಾದದಲ್ಲಿ ಗೆದ್ದವನು ನಾನಲ್ಲವೇ ಎಂದುಕೊಂಡೆ. ಎರಡೂ ರಿಮ್ಮಿಗೆ ಸುತ್ತಲೂ ಹಚ್ಚಿದೆ.

ಮರುದಿನ ಬೆಳಿಗ್ಗೆ ಬೇಲೆಕೇರಿಗೆ ಹೊರಟೆ. ಬೆಳಗಿನ ಹೆದ್ದಾರಿ ಖಾಲಿ ಇತ್ತು, ಬ್ರೇಕಿನ ಅಗತ್ಯ ಬೀಳಲಿಲ್ಲ. ಬಂದರಿನ ಕಡೆ ಇಳಿಯುವ ರಸ್ತೆಯಲ್ಲಿ, ಅದಿರಿನ ಕೆಂಪು ಧೂಳು ಕೂತ ತಿರುವಿನಲ್ಲಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಸಾಕಷ್ಟು ದೂರದಲ್ಲೇ ನೋಡಿದೆ. ಎರಡೂ ಬ್ರೇಕು ಒತ್ತಿದೆ. ರಬ್ಬರು ರಿಮ್ಮಿಗೆ ತಾಗಿದ್ದು ಬೆರಳಿಗೆ ಗೊತ್ತಾಯಿತು, ಸೈಕಲ್ಲಿಗೆ ಗೊತ್ತಾಗಲಿಲ್ಲ. ಕೂಗಿದೆ. ಅವಳು ತಿರುಗುವಷ್ಟರಲ್ಲಿ ಹ್ಯಾಂಡಲ್ ಅವಳ ಸೊಂಟಕ್ಕೆ ಬಡಿದು ಇಬ್ಬರೂ ರಸ್ತೆಯ ಮೇಲಿದ್ದೆವು.

ನನಗೆ ಮೊಣಕಾಲು ತರಚಿತ್ತು. ಅವಳು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಮಣಿಕಟ್ಟು ಇರಬೇಕಾದ ಆಕಾರದಲ್ಲಿರಲಿಲ್ಲ. ಬುಟ್ಟಿಯ ಬಂಗಡೆ ಮೀನುಗಳು ಧೂಳಿನಲ್ಲಿ ಕೆಂಪಾಗಿ ಬಿದ್ದಿದ್ದವು.

"ಬಂಗ್ಡಿ ಹೋಯ್ತು, ಕೈ ಹೋಯ್ತು," ಎಂದಳು, ಹಲ್ಲು ಕಚ್ಚಿಕೊಂಡೇ. "ನಿನ್ನ ಸೈಕಲ್ ನೋಡ್ಕ ಮಗಾ, ಅದಕ್ಕೇನಾದ್ರೂ ಆಗದ್ಯಾ."

ನಾನು ನಿಜಕ್ಕೂ ಅಷ್ಟರಲ್ಲಿ ಸೈಕಲ್ಲನ್ನೇ ನೋಡುತ್ತಿದ್ದೆ.

ರಿಕ್ಷಾದಲ್ಲಿ ಅವಳನ್ನು ಅಂಕೋಲೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಪ್ಲಾಸ್ಟರ್ ಹಾಕುತ್ತಿದ್ದಾಗ ನನ್ನ ಫೋನ್ ಕೇಳಿ ಅಪ್ಪ ಬಂದರು. ಬೈಯಲಿಲ್ಲ. ನನ್ನ ಮೊಣಕಾಲು ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: "ಬ್ರೇಕು ಹಿಡೀಲಿಲ್ಲ ಅಂದ್ಯಲ್ಲ. ಬ್ರೇಕು ಕಟ್ಟಿದ್ದು ಯಾರು?"

"ಮಾಮ."

"ಆಮೇಲೆ ನೀನೇನಾದ್ರೂ ಬಿಚ್ಚಿದ್ದಿಯೇನೋ?"

"ಇಲ್ಲ ಅಪ್ಪ. ಬ್ರೇಕಿಗೆ ಬೇರೆ ಯಾರೂ ಕೈ ಹಾಕಿಲ್ಲ."

ಈ ಉತ್ತರವನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ ಲೆಕ್ಕವಿಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ. ಬ್ರೇಕು ಕಟ್ಟಿದ್ದು ಮಾಮ. ನಾನು ಅದನ್ನು ಬಿಚ್ಚಿರಲಿಲ್ಲ. ನಾನು ಕೈ ಹಾಕಿದ್ದು ರಿಮ್ಮಿಗೆ, ಬ್ರೇಕಿಗಲ್ಲ. ಯಾವ ತೀರ್ಪುಗಾರರ ಮುಂದೆಯೂ ನಿಲ್ಲುವ ಮಾತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಎಂದು ಯಾರಾದರೂ ಸಮಾಧಾನ ಹೇಳಬಹುದು. ಗಾಬರಿಯಾದವನು ಸುಳ್ಳು ಹೇಳುತ್ತಾನೆ, ಇಲ್ಲವೇ ಅಳುತ್ತಾನೆ. ಇಷ್ಟು ಅಚ್ಚುಕಟ್ಟಾಗಿ ಪದ ಆರಿಸುವುದಿಲ್ಲ.

ಸಂಜೆ ಸುದ್ದಿ ಕೇಳಿ ಮಾಮನೇ ಮನೆಗೆ ಬಂದರು. ಅಂಗಳದಲ್ಲಿ ಸೈಕಲ್ ಗೋಡೆಗೆ ಒರಗಿತ್ತು. ಅಪ್ಪ ಜಗಲಿಯ ಮೇಲೆ, ನಾನು ಬಾಗಿಲ ಹತ್ತಿರ. ಮಾಮ ಮೊದಲು ಬ್ರೇಕಿನ ಹಿಡಿ ಒತ್ತಿದರು. ಕೇಬಲ್ ಎಳೆದು ನೋಡಿದರು. ಬಿಗಿಯಾಗಿತ್ತು. ಆಮೇಲೆ ರಿಮ್ಮಿನ ಅಂಚಿಗೆ ಬೆರಳು ಎಳೆದರು. ಬೆರಳನ್ನು ಮೂಗಿನ ಹತ್ತಿರ ತಂದರು.

ಅವರ ಅಂಗಡಿಯಲ್ಲಿರುವುದು ಮಷೀನ್ ಎಣ್ಣೆ. ಹೊನ್ನೆ ಎಣ್ಣೆಯ ವಾಸನೆಯನ್ನು ನಮ್ಮ ಊರಿನಲ್ಲಿ ಹುಟ್ಟಿದ ಯಾರಿಗೂ ವಿವರಿಸಬೇಕಿಲ್ಲ.

ಮಾಮ ನನ್ನನ್ನು ನೋಡಿದರು. ಕೋಪದ ನೋಟವಲ್ಲ, ಅದಾಗಿದ್ದರೆ ನಾನು ಎದುರು ಏನಾದರೂ ಹೇಳುತ್ತಿದ್ದೆ. ಅಂಗಳದಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಬೆರಳನ್ನು ಪಂಚೆಗೆ ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು.

"ಹೊಸ ನಮೂನೆ ಸೈಕಲ್ಲು, ಮಾಸ್ತರ್ರೇ. ನಂಗೆ ಪೂರಾ ತಿಳೀಲಿಲ್ಲ ಹೇಳಿ ಇಟ್ಕಣಿ."

"ಹಾಗಾದ್ರೆ," ಎಂದರು ಅಪ್ಪ. ಮುಂದಿನ ಮಾತು ಅವರಿಗೂ ಕಷ್ಟವಾಯಿತು. "ಶಾಲೆ ಸೈಕಲ್ಲು..."

"ಬೇಡ, ಬೇಡ. ಮಕ್ಕಳ ವಿಷಯ ಅದು. ಬೇರೆಯವರಿಗೆ ಕೊಡಿ."

ಚಕ್ರಗಳನ್ನು ಬಿಚ್ಚಿ ಎರಡು ಕೈಯಲ್ಲಿ ಹಿಡಿದು ನಡೆದು ಹೋದರು. ಮರುದಿನ ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನ ನೀರಲ್ಲಿ ತೊಳೆದು, ತಂದು ಕೂರಿಸಿದರು. ಬ್ರೇಕು ಮೊದಲಿನ ಹಾಗೇ ಹಿಡಿಯಿತು. ಅಪ್ಪ ಅದನ್ನು ಒತ್ತಿ ನೋಡಿ ತಲೆಯಾಡಿಸಿದರು: "ನೋಡು, ಇಷ್ಟೇ ಕೆಲಸ. ಮೊದಲೇ ಸರಿ ಮಾಡಿದ್ರೆ ಆ ಹೆಂಗಸಿನ ಕೈ ಉಳೀತಿತ್ತು." ಮಾಮ ಆಗಿನ್ನೂ ಗೇಟಿನ ಹತ್ತಿರ ಇದ್ದರು. ಕೇಳಿಸಿರಬೇಕು.

ಜೂನಿನಲ್ಲಿ ಕಾರವಾರದಿಂದ ಬಂದ ಇಬ್ಬರು ಶಾಲೆಯ ವರಾಂಡದಲ್ಲಿ ಕೂತು ಸೈಕಲ್ಲುಗಳನ್ನು ಕಟ್ಟಿದರು. ಪೆಟ್ಟಿಗೆಗಳ ಟೆಂಪೋ ಮಾಮನ ಅಂಗಡಿಯ ಎದುರಿಂದಲೇ ಹೋಯಿತು. ಬೆಂಚಿನ ಮೇಲೆ ಕೂರುತ್ತಿದ್ದವರು ಕಥೆಯನ್ನು ಅಷ್ಟರಲ್ಲಿ ಪೂರ್ತಿ ಮಾಡಿದ್ದರು. ತಮ್ಮ ಮಕ್ಕಳ ಸೈಕಲ್ಲನ್ನೂ ಬೇರೆ ಕಡೆ ಒಯ್ಯತೊಡಗಿದರು. ಸರಕಾರದ ಸೈಕಲ್ಲುಗಳು ಆಮೇಲೆ ಪ್ರತಿ ವರ್ಷ ಬಂದವು, ಮಾಮನ ಹೆಸರು ಶಾಲೆಯಲ್ಲಿ ಮತ್ತೆ ಬರಲಿಲ್ಲ.

ಮೀನಿನ ಹೆಂಗಸಿನ ಮನೆಗೆ ಎರಡು ಸಲ ಹೋದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಕೈ ತಿರುಗಿಸಿ ತೋರಿಸಿ, "ಬುಟ್ಟಿ ಎತ್ತೂಕೆ ಆಗ್ತದೆ, ನಿನ್ನ ಕೆನ್ನೆಗೆ ಬಿಡೂಕೂ ಆಗ್ತದೆ," ಎಂದು ನಕ್ಕಳು. ಅವಳ ಹತ್ತಿರ ಕ್ಷಮೆ ಕೇಳುವುದು ಸುಲಭವಾಗಿತ್ತು. ಅಲ್ಲಿ ನನ್ನ ತಪ್ಪು ಎಲ್ಲರಿಗೂ ಕಂಡಿತ್ತು. ಯಾರಿಗೂ ಕಾಣದ ತಪ್ಪಿನ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಮಾಮ ದಾರಿಯಲ್ಲಿ ಸಿಕ್ಕರೆ "ಎಂತಾ ತಮಾ" ಎನ್ನುತ್ತಾರೆ, ಹಿಂದಿನ ಹಾಗೇ. ನಾನು ಸೈಕಲ್ಲನ್ನು ಅವರ ಅಂಗಡಿಯ ಎದುರು ಓಡಿಸದೆ ಹಿಂದಿನ ಓಣಿಯಿಂದ ತಿರುಗಿಸುತ್ತಿದ್ದೆ. ಎರಡು ವರ್ಷ ಹಾಗೇ ತಿರುಗಿಸಿದೆ. ಅವರು ಸುಮ್ಮನಿದ್ದದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ನಂಬಿಕೊಂಡಿದ್ದೆ, ಏಕೆಂದರೆ ಹಾಗೆ ನಂಬುವುದು ನನಗೆ ಅನುಕೂಲ. ಆಮೇಲೆ ಅನುಮಾನ ಬಂತು. ಅಂಗಳದ ಆ ಮೌನ ತೀರಾ ಉದ್ದವಾಗಿತ್ತು. ಪ್ರೀತಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ಹೋದೆ. ಮಾಮ ಯಾರದೋ ಬೈಕಿನ ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. ವಾದ ಹೂಡದೆ ಮಾತಾಡುವುದು ನನಗೆ ಅಭ್ಯಾಸವಿಲ್ಲ, ಆದರೂ ಕೇಳಿದೆ:

"ಮಾಮ, ಅವತ್ತು ಅಂಗಳದಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತ್ರಿ ಅಲ್ಲಾ, ನನ್ನ ಉಳಿಸೂಕೆ ನಿಂತದ್ದಾ, ಇಲ್ಲಾ ನಾನೇ ಬಾಯಿ ಬಿಡ್ತೇನೇನ ಅಂತ ಕಾಯ್ತಾ ಇದ್ರಾ?"