ಭಟ್ಟರು ರುಚಿ ನೋಡಿದ ಗಂಜಿ

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಸಾಗರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಮಕ್ಕಳ ವೈದ್ಯ. ಹೊಸನಗರದ ಕಡೆಯ ಆರು ವರ್ಷದ ಸುಮನಾಳನ್ನು ಅವಳ ತಂದೆ ಎತ್ತಿಕೊಂಡು ಬಂದರು. ರಕ್ತದ ಕ್ಯಾನ್ಸರ್; ಕರಾವಳಿಯ ದೊಡ್ಡ ಆಸ್ಪತ್ರೆಯಲ್ಲಿ ಕಿಮೋಥೆರಪಿ ನಡೆಯುತ್ತಿತ್ತು. ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಕಿಮೋ ಔಷಧಿಯ ಕೆಲಸ. ಬಾಯಿಯ ಒಳಪೊರೆಯೂ ಬೇಗ ಬೆಳೆಯುವಂಥದ್ದೇ. ಕಳ್ಳನನ್ನು ಹೊಡೆಯಲು ಹೋದವರು ಪಕ್ಕದ ಮನೆಯವನನ್ನೂ ಬಾರಿಸಿದ ಹಾಗೆ, ಮಗುವಿಗೆ ತುಟಿಯಿಂದ ಗಂಟಲವರೆಗೆ ಹುಣ್ಣು. ಜೊಲ್ಲು ನುಂಗಲೂ ಆಗದೆ ಟವೆಲಿಗೆ ಉಗುಳುತ್ತಿದ್ದಳು.

ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ಜ್ವರವಿಲ್ಲ, ರಕ್ತದ ಎಣಿಕೆ ಪರವಾಗಿಲ್ಲ, ಅಲ್ಲೇ ಡ್ರಿಪ್ ಹಾಕಿ ನೋಡಿಕೊಳ್ಳಿ, ಸಂಜೆಯೊಳಗೆ ಬಾಯಿಂದ ಏನೂ ಹೋಗದಿದ್ದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ಎಂದರು. ಹಿಂದೊಮ್ಮೆ ಆ ಟ್ಯೂಬಿನ ರುಚಿ ಕಂಡಿದ್ದ ಸುಮನಾ ಮೇಜಿನ ಮೇಲಿದ್ದ ಅದರ ಪ್ಯಾಕೆಟ್ಟನ್ನೇ ನೋಡುತ್ತಿದ್ದಳು.

ತಂದೆ ಗಣಪತಿ ಭಟ್ಟರು ಮದುವೆ ಮುಂಜಿಗಳ ಅಡುಗೆಯವರು. ಮನೆಯಿಂದ ಗಂಜಿ ತಂದಿದ್ದರು. ಮೊದಲ ಚಮಚಕ್ಕೇ ಮಗು ಚೀರಿತು. ರುಚಿ ನೋಡಿದ್ದಿರಾ ಎಂದು ಕೇಳಿದೆ. ನಾನು ಚಪ್ಪಲಿ ಹಾಕಿಕೊಂಡು ಗರ್ಭಗುಡಿ ಹೊಕ್ಕೆನೇನೋ ಎಂಬಂತೆ ಭಟ್ಟರು ನೋಡಿದರು.

"ಎಂತ ಮಾತು ಡಾಕ್ಟ್ರೇ? ದೇವ್ರಿಗೆ ಇಡೋ ಮೊದ್ಲು ಅಡುಗೆಯವ ರುಚಿ ನೋಡಿದ್ರೆ ಎಂಜಲಾಗ್ತದೆ. ನಾವು ಹಬೆ ಮೂಸೇ ಉಪ್ಪು ಹೇಳ್ತೀವಿ."

ನಾನೇ ರುಚಿ ನೋಡಿದೆ. ಹುಳಿಮಜ್ಜಿಗೆ, ಶುಂಠಿ, ಕಾಳುಮೆಣಸಿನ ಘಾಟು. ಮದುಮಗನಿಗೆ ಬಡಿಸಬಹುದಾದ ಗಂಜಿ.

"ಚೂರೇ ಚೂರು ಹಾಕಿದ್ದು," ಎಂದರು ಭಟ್ಟರು. "ಮಗೂಗೆ ಸಪ್ಪೆ ಹೆಂಗೆ ಕೊಡೋದು?"

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವರೇ ಹೊಸ ಗಂಜಿ ಮಾಡಿದರು. ಹುಳಿ ಖಾರವಿಲ್ಲ, ಹಾಲು, ತುಪ್ಪ, ನುಣ್ಣಗೆ ಸೋಸಿ ಆರಿಸಿದ್ದು. ಅಷ್ಟರಲ್ಲಿ ನಾನು ನೋವಿನ ಔಷಧಿ ಕೊಟ್ಟು, ಹುಣ್ಣನ್ನು ಮರಗಟ್ಟಿಸುವ ಜೆಲ್ ಹಚ್ಚಿದ್ದೆ. ಸುಮನಾ ಬಾಯಿ ತೆರೆಯಲಿಲ್ಲ. ತಂದೆಯತ್ತ ಬೆರಳು ತೋರಿಸಿದಳು.

"ಅಪ್ಪಯ್ಯ ಮೊದ್ಲು."

ಭಟ್ಟರು ಕಿಟಕಿಯತ್ತ ತಿರುಗಿ ಯಾರದೋ ಅಪ್ಪಣೆ ಕೇಳಿದಂತೆ ಕಂಡಿತು. ಚಮಚ ಬೇರೆ ಇರಲಿ, ಬಾಯಿಗಿಟ್ಟದ್ದು ಮತ್ತೆ ಬಟ್ಟಲಿಗೆ ಬರಕೂಡದು ಎಂದೆ. ಸೋಂಕಿನ ಭಯದಿಂದ ನಮ್ಮ ವಾರ್ಡಿನ ಮಡಿ ಅವರ ಮಡಿಗಿಂತ ಒಂದು ಕೈ ಮೇಲು. ನನ್ನ ಮೇಲೆ ಅವರಿಗೆ ಗೌರವ ಹುಟ್ಟಿದ್ದು ಆಗಲೇ. ಗಂಜಿ ಬಾಯಿಗಿಟ್ಟರು. ಮುಖ ಹಿಂಡಿದ ಲಿಂಬೆಯಾಯಿತು.

"ಎಂತ ರುಚಿಯೂ ಇಲ್ಲೆ ಮಗಾ."

ನಕ್ಕರೆ ನೋವು, ಆದರೂ ಸುಮನಾ ನಕ್ಕಳು. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಕಾಲ್ಬೆರಳು ಮಡಚಿ ನುಂಗಿದಳು. ಅಷ್ಟು ಧೈರ್ಯ ನಾನು ನೋಡಿದ ಅವಳಿಗಿಂತ ದೊಡ್ಡ ಮಕ್ಕಳಲ್ಲೂ ಇರಲಿಲ್ಲ, ದೊಡ್ಡವರಲ್ಲಿ ಕೇಳಲೇಬೇಡಿ. ಮತ್ತೆ ಬೆರಳು ತಂದೆಯತ್ತ. ಪಂಕ್ತಿಯಲ್ಲಿ ಊರಿಗೆಲ್ಲ ಒತ್ತಾಯ ಮಾಡಿ ಬಡಿಸಿದ ಮನುಷ್ಯನಿಗೆ ಅಂದು ಮಗಳು ಒತ್ತಾಯ ಮಾಡಿದಳು. ಅವರು ಮುಖ ಕಿವುಚಿದಷ್ಟು ಸಲ ಇವಳು ನುಂಗಿದಳು. ಸಂಜೆಗೆ ಬಟ್ಟಲು ಖಾಲಿ; ಟ್ಯೂಬಿನ ಪ್ಯಾಕೆಟ್ ಒಡೆಯದೆ ಬೀರು ಸೇರಿತು.

ಮರುದಿನ ಬಾಯಿ ಮುಕ್ಕಳಿಸುವ ಔಷಧಿ ತಂದಾಗ ಬೆರಳು ನನ್ನತ್ತ ತಿರುಗಿತು.

"ತಗಳಿ ಡಾಕ್ಟ್ರೇ," ಎಂದರು ಭಟ್ಟರು, ಬಹಳ ಗಂಭೀರವಾಗಿ. "ನಿಮ್ಮಡುಗೆ ನೀವೂ ನೋಡ್ಬೇಕಲ್ಲ."

ಮುಕ್ಕಳಿಸಿದೆ. ಮೊದಲು ಉರಿ, ಆಮೇಲೆ ನಾಲಿಗೆಯೇ ಇಲ್ಲ. ಅಂದಿನ ರೌಂಡ್ಸನ್ನು ತೊದಲುತ್ತಲೇ ಮುಗಿಸಿದೆ. ನಿವೃತ್ತನಾಗುವವರೆಗೂ, ಮಗುವಿಗೆ ಬಾಯಿಯ ಔಷಧಿ ಬರೆಯುವ ಮೊದಲು ಒಮ್ಮೆ ನನ್ನ ನಾಲಿಗೆಗೆ ತಾಗಿಸಿ ನೋಡುತ್ತಿದ್ದೆ. ನುಂಗು ಎನ್ನುವವನು ಮೊದಲು ನುಂಗಿರಬೇಕು. ಕಾಲೇಜಿನಲ್ಲಿ ಈ ಪಾಠವಿರಲಿಲ್ಲ. ಕಲಿಸಿದವಳು ಈಗ ಮೂರನೇ ಕ್ಲಾಸು. ಅಪ್ಪಯ್ಯನ ಸಾರಿಗೆ ಖಾರ ಸಾಲದು ಎನ್ನುತ್ತಾಳಂತೆ.