ಕಪ್ ಗೆಲ್ಲದ ಕ್ವಾರ್ಟರ್‌ಬ್ಯಾಕ್

ಕಳೆದ ವಾರ ಸ್ಟಾಕ್‌ಪೋರ್ಟ್‌ನಿಂದ ಪಿಕಡಿಲಿ ಸ್ಟೇಷನ್ನಿಗೆ ಹೋಗುವ ರೈಲಿನಲ್ಲಿ ಎದುರು ಸೀಟಿನ ಹುಡುಗಿಯೊಬ್ಬಳು ಹಾಕಿ ಸ್ಟಿಕ್ಕನ್ನು ಪಕ್ಕಕ್ಕೆ ಒರಗಿಸಿ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡಳು. ಮೂಗು ಕೊರೆಯುವ ಆ ತಣ್ಣನೆಯ ವಾಸನೆ ಬೋಗಿಯ ತುಂಬ ಹರಡಿತು. ಅಕ್ಕಪಕ್ಕದವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಮಾತ್ರ ಹಿತವೆನಿಸಿತು. ನಿಮ್ಮನ್ನು ಮಲ್ಲಿಗೆಯೋ ಕಾಫಿಯೋ ಎಲ್ಲಿಗೋ ಕರೆದೊಯ್ಯಬಹುದು. ನನ್ನನ್ನು ಕರೆದೊಯ್ಯುವುದು ಈ ವಾಸನೆ, ಅದೂ ನೇರವಾಗಿ ಬಸವರಾಜನ ಬಲ ಭುಜದ ಬಳಿಗೆ.

ಬಸವರಾಜ ಹುಬ್ಬಳ್ಳಿಯವನು. ಎಂಎಸ್ಸಿ ಓದಲು ಬಂದು ಫಾಲೋಫೀಲ್ಡ್‌ನಲ್ಲಿ ರೂಮು ಮಾಡಿಕೊಂಡಿದ್ದಾಗ ಯೂನಿವರ್ಸಿಟಿಯ ಕ್ರಿಕೆಟ್ ತಂಡಕ್ಕೆ ಪ್ರಯತ್ನಿಸಿದ್ದ. ಜಾಗ ಸಿಗಲಿಲ್ಲ. ಆದರೆ ಬೌಂಡರಿಯಿಂದ ಅವನು ಚೆಂಡು ಎಸೆಯುವುದನ್ನು ನೋಡಿದ ಯಾರೋ ಪಕ್ಕದ ಮೈದಾನಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಅಮೆರಿಕನ್ ಫುಟ್‌ಬಾಲ್ ನಡೆಯುತ್ತಿತ್ತು. ಹೆಸರು ಫುಟ್‌ಬಾಲ್ ಆದರೂ ಅದರಲ್ಲಿ ಕಾಲಿಗೆ ಕೆಲಸ ಕಡಿಮೆ. ಪ್ರತಿ ಸಲವೂ ಚೆಂಡು ಮೊದಲು ಒಬ್ಬನ ಕೈಗೆ ಬರುತ್ತದೆ. ಮೈಮೇಲೆ ಬೀಳಲು ಓಡಿಬರುವ ದಾಂಡಿಗರ ಮಧ್ಯೆ ಅವನು ಒಂದೆರಡು ಉಸಿರಿನಲ್ಲಿ ಯಾರಿಗೆ, ಎಲ್ಲಿಗೆ ಎಂದು ತೀರ್ಮಾನಿಸಿ ಎಸೆಯಬೇಕು. ಅವನೇ ಕ್ವಾರ್ಟರ್‌ಬ್ಯಾಕ್. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಬಸವರಾಜ ನಮ್ಮ ಊರಿನ ಹವ್ಯಾಸಿ ಕ್ಲಬ್ಬಿಗೆ ಬಂದ. ಭುಜ ಕೈಕೊಡುವವರೆಗೂ ಅಲ್ಲಿಯೇ ಆಡಿದ.

ನಾನು ಅಲ್ಲಿಗೆ ಹೋದದ್ದು ವರದಿಗಾರ್ತಿಯಾಗಿ. ಬೆಂಗಳೂರಿನ ಒಂದು ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಬಹಳ ವರ್ಷ ದುಡಿದು, ಗಂಡನ ಎಂಜಿನಿಯರಿಂಗ್ ಕೆಲಸದ ಹಿಂದೆ ಇಲ್ಲಿಗೆ ಬಂದವಳು. ಸ್ಥಳೀಯ ವಾರಪತ್ರಿಕೆಗೆ ಪಂದ್ಯಗಳ ವರದಿ ಬರೆಯುವವರು ಬೇಕಾಗಿದ್ದರು. ಸಂಬಳವಿಲ್ಲದ ಆ ಕೆಲಸ ಕೇಳಿಕೊಂಡು ಹೋದವಳು ನಾನೊಬ್ಬಳೇ ಎಂಬುದು ಆಮೇಲೆ ತಿಳಿಯಿತು. ಮೊದಲ ಪಂದ್ಯದಲ್ಲಿ ಎಷ್ಟೋ ಹೊತ್ತು ನಮ್ಮ ತಂಡ ಯಾವುದೆಂದೇ ಗೊತ್ತಾಗದೆ, ಜೋರಾಗಿ ಬೈದುಕೊಳ್ಳುತ್ತಿದ್ದವರೇ ನಮ್ಮವರಿರಬೇಕೆಂದು ಊಹಿಸಿದೆ. ಊಹೆ ಸರಿಯಾಗಿತ್ತು. ಅಷ್ಟರಲ್ಲಿ ಹೆಲ್ಮೆಟ್ಟಿನೊಳಗಿಂದ ಒಂದು ಧ್ವನಿ ಕೇಳಿತು: "ಎಡಕ್ಕ! ಎಡಕ್ಕ ಉದ್ದ!"

ಪೆನ್ನು ಕೈಯಿಂದ ಬಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಎರಡು ಕೈಗವಸುಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಆದರೆ ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಂತಿತು.

ಎದುರಾಳಿಗಳು ಹೇಗೆ ನಿಂತಿದ್ದಾರೆಂದು ನೋಡಿ ಕೊನೆಯ ಗಳಿಗೆಯಲ್ಲಿ ಆಟ ಬದಲಿಸುವುದು ಕ್ವಾರ್ಟರ್‌ಬ್ಯಾಕ್‌ನ ಕೆಲಸ. ಬದಲಾವಣೆಯನ್ನು ಕೂಗಿಯೇ ಹೇಳಬೇಕು. ಅದು ಎದುರಾಳಿಗಳಿಗೂ ಕೇಳಿಸುವುದರಿಂದ ಎಲ್ಲ ತಂಡಗಳೂ ಗುಟ್ಟಿನ ಸಂಕೇತ ಇಟ್ಟುಕೊಳ್ಳುತ್ತವೆ. ಬಸವರಾಜ ಆ ಗೋಜಿಗೇ ಹೋಗಲಿಲ್ಲ. ಎಡಕ್ಕ, ಬಲಕ್ಕ, ನಡುವ, ಉದ್ದ, ಸಣ್ಣ, ತಡಿ ಎಂಬ ಮಾತುಗಳನ್ನು ತಂಡಕ್ಕೆಲ್ಲ ಕಲಿಸಿಬಿಟ್ಟ. ಸ್ಟಾಕ್‌ಪೋರ್ಟಿನ ಪ್ಲಂಬರುಗಳೂ ಶಾಲಾ ಮಾಸ್ತರರೂ ಹುಬ್ಬಳ್ಳಿಯ ಕನ್ನಡ ಕೇಳಿ ಬಲಕ್ಕೆ ಓಡುತ್ತಿದ್ದರು. ಇಲ್ಲಿಯೇ ಹುಟ್ಟಿದ ನನ್ನ ಮಗಳಿಗೆ ಕನ್ನಡದಲ್ಲಿ ಏನು ಹೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ. ಈ ಗಂಡಸರಿಗೆ 'ತಡಿ' ಎಂದರೆ ನಿಜವಾಗಿಯೂ ತಡೆಯುತ್ತಿದ್ದರು.

ಈ ಏರ್ಪಾಡು ಕೆಟ್ಟದ್ದು ನಾವು ಮುಟ್ಟಿದ ಒಂದೇ ಒಂದು ಫೈನಲ್‌ನಲ್ಲಿ. ಎದುರಾಳಿ ಬರ್ಮಿಂಗ್‌ಹ್ಯಾಮ್‌ನ ತಂಡ. ಕೊನೆಯ ನಿಮಿಷದಲ್ಲಿ, ಗೆಲುವಿಗೆ ಒಂದೇ ಎಸೆತ ಬೇಕಿದ್ದಾಗ, ಬಸವರಾಜ "ಎಡಕ್ಕ ಉದ್ದ" ಎಂದು ಕೂಗಿ ಎಸೆದ. ಅವರ ಆಟಗಾರನೊಬ್ಬ ಮೊದಲೇ ಹೋಗಿ ಅಲ್ಲಿ ನಿಂತಿದ್ದ, ಚೆಂಡನ್ನು ಹಿಡಿದ. ಪಂದ್ಯ ಮುಗಿಯಿತು. ಕೈಕುಲುಕುವಾಗ ಅವನು ಹೆಲ್ಮೆಟ್ ತೆಗೆದು, "ಚೆನ್ನಾಗಿ ಆಡಿದ್ರಿ ಸಾರ್" ಎಂದ. ಮೈಸೂರಿನವನು, ಸುಹಾಸ್ ಎಂದು ಹೆಸರು.

"ಬರ್ಮಿಂಗ್‌ಹ್ಯಾಮ್‌ನಾಗ ಕನ್ನಡದಾವ ಇರ್ತಾನಂತ ಯಾರಿಗ್ ಗೊತ್ತಿತ್ತ್ರಿ ಅಕ್ಕಾರ?" ಎಂದು ಬಸವರಾಜ ನನ್ನನ್ನು ಕೇಳಿದ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಅದೇ ಊರಿಗೆ ಹೋಗಿ, ಹಾಲ್ ತುಂಬ ಕನ್ನಡಿಗರ ನಡುವೆ ಕೂತು, ಎರಡನೇ ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡು ಬರುತ್ತಿದ್ದ ಮನುಷ್ಯ ಕೇಳಿದ ಪ್ರಶ್ನೆ ಅದು.

ಕಳೆದ ವರ್ಷ ನಮ್ಮ ಕ್ಲಬ್ ತನ್ನದೇ ಒಂದು ಹಾಲ್ ಆಫ್ ಫೇಮ್ ಮಾಡಲು ಹೊರಟಿತು. ಹಾಲ್ ಎಂದರೆ ಬಾರಿನ ಪಕ್ಕದ ಗೋಡೆ. ನಿವೃತ್ತ ಆಟಗಾರರ ಫೋಟೋಗಳು ಅಲ್ಲಿ ಬರಬೇಕು. ಪ್ರತಿ ಹೆಸರಿನ ಪರವಾಗಿ ಸಮಿತಿಯ ಒಬ್ಬರು ವಾದ ಮಂಡಿಸಬೇಕು, ಮುಕ್ಕಾಲು ಪಾಲು ಸದಸ್ಯರು ಕೈ ಎತ್ತಬೇಕು. ಎಲ್ಲ ಪಂದ್ಯಗಳನ್ನೂ ನೋಡಿದವಳೆಂದು ನನ್ನನ್ನೂ ಸಮಿತಿಗೆ ಸೇರಿಸಿದರು. ನಾನು ಬಸವರಾಜನ ಹೆಸರು ಹೇಳಿದೆ.

ಅಧ್ಯಕ್ಷ ಕೀತ್ ಹಳೆಯ ಆಟಗಾರ. ಮನಸ್ಸು ಒಳ್ಳೆಯದು, ಧ್ವನಿ ದೊಡ್ಡದು. ಈ ಕಡೆಯವರ ವಾಡಿಕೆಯಂತೆ ಎಲ್ಲ ಹೆಂಗಸರನ್ನೂ 'ಲವ್' ಎಂದೇ ಕರೆಯುತ್ತಾನೆ. "ಒಳ್ಳೆಯ ಹುಡುಗ, ಲವ್. ಆದರೆ ಕಪ್ ಎಲ್ಲಿ? ಫೈನಲ್ಲನ್ನು ಮಾತೃಭಾಷೆಯಲ್ಲಿ ಸೋತವನನ್ನು ಗೋಡೆಗೆ ಹಾಕಿದರೆ ಬರ್ಮಿಂಗ್‌ಹ್ಯಾಮ್‌ನವರು ನಮ್ಮದೇ ಬಾರಿನಲ್ಲಿ ಕೂತು ನಗುತ್ತಾರೆ," ಎಂದ. ಮಾತು ಮುಂದಿನ ಸಭೆಗೆ ಹೋಯಿತು.

ಸುದ್ದಿಮನೆಯಲ್ಲಿ ನಾನು ಕಿರಿಯರ ಬರಹಗಳಿಂದ ಮೊದಲು ಹೊಡೆದು ಹಾಕುತ್ತಿದ್ದದ್ದು 'ವೀರೋಚಿತ ಸೋಲು' ಎಂಬ ಮಾತನ್ನು. ಸೋತದ್ದು ಸೋತದ್ದೇ. ಬಸವರಾಜನಿಗಾಗಿ ಆ ಮಾತನ್ನು ನಾನು ಎರವಲು ತರುವವಳಲ್ಲ. ಅಲ್ಲಿ ಕಲಿತ ಇನ್ನೊಂದು ಪಾಠವಿತ್ತು: ಎದುರು ಪಕ್ಷದವರನ್ನು ಕೇಳದೆ ಏನನ್ನೂ ಅಚ್ಚಿಗೆ ಕಳಿಸಬಾರದು. ಆ ಸೋಲಿನ ಬಗ್ಗೆ ನಾವೆಲ್ಲ ಅಷ್ಟು ಮಾತಾಡಿದ್ದೆವು, ಚೆಂಡು ಹಿಡಿದವನನ್ನು ಮಾತ್ರ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಸುಹಾಸ್ ಈಗ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮನೆ ತೆಗೆದುಕೊಂಡು, ಸಾಲದ ಕಂತು ಕಟ್ಟಿಕೊಂಡು ಇದ್ದಾನೆ. ರಾಜ್ಯೋತ್ಸವದ ಪರಿಚಯ ಹಿಡಿದು ಫೋನ್ ಮಾಡಿದೆ.

"ಕೊನೇ ಚೆಂಡಾ ಮೇಡಂ? ಎಲ್ಲರೂ ಅದೊಂದನ್ನೇ ಕೇಳ್ತಾರೆ," ಎಂದು ಅವನು ನಕ್ಕ. "ನಂಗೆ ಮೊದಲ್ನೇ ಚೆಂಡಿಂದಾನೇ ಎಲ್ಲಾ ಗೊತ್ತಾಗ್ತಿತ್ತು. ಅವರು ಕೂಗಿದ್ದನ್ನೆಲ್ಲ ನಮ್ಮೋರಿಗೆ ಇಂಗ್ಲಿಷಲ್ಲಿ ಹೇಳ್ತಾನೇ ಇದ್ದೆ. ಎಡಕ್ಕೆ ಅಂತ ಗೊತ್ತು, ಎಡಗಡೆ ನಾವು ಮೂರು ಜನ ಕಾಯ್ತಿದೀವಿ, ಆದ್ರೂ ಚೆಂಡು ನಮ್ಮ ಬೆರಳ ಮೇಲೇ ಹೋಗಿ ಅವರವನ ಕೈಗೆ ಬೀಳೋದು. ನೀನು ತಪ್ಪು ಹೇಳ್ತಿದೀಯಾ ಅಂತ ನಮ್ಮ ಕೋಚ್ ನಂಗೇ ಬೈದ್ರು! ಉತ್ತರ ಎಲ್ಲಾ ಮೊದಲೇ ಕೊಟ್ಟಿದ್ದ ಪರೀಕ್ಷೇಲಿ ನಂಗೆ ಸಿಕ್ಕಿದ್ದು ಒಂದೇ ಮಾರ್ಕು ಮೇಡಂ."

"ಇದನ್ನೇ ಸಮಿತಿಯ ಮುಂದೆ ಹೇಳ್ತೀರಾ?"

"ಅಯ್ಯೋ, ಹೇಳದೇ ಏನು. ಅವರು ನಿಂತ್ಕೊಂಡು ಎಸೆಯೋದನ್ನ ಎದುರಿಂದ ನೋಡಿರೋನು ನಾನು."

ಮುಂದಿನ ಸಭೆಯಲ್ಲಿ ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದೆ. ಸುಹಾಸ್ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದ. ನಾನು ಸೇರಿಸಿದ್ದು ಇಷ್ಟೇ: ಎಲ್ಲಿಗೆ ಎಸೆಯುತ್ತೇನೆಂದು ಎದುರಾಳಿಗೆ ಕೂಗಿ ಹೇಳಿ, ಅಲ್ಲಿಗೇ ಎಸೆದು, ಕೊನೆಯ ನಿಮಿಷದವರೆಗೆ ಪಂದ್ಯವನ್ನು ಕೈಯಲ್ಲಿ ಹಿಡಿದಿದ್ದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಇದ್ದರೆ ಹೇಳಿ, ಅವನ ಫೋಟೋವನ್ನು ಮೊದಲು ಹಾಕೋಣ.

ಕೈಗಳು ಎದ್ದವು. ಅರ್ಧಕ್ಕಿಂತ ಹೆಚ್ಚು ಎದ್ದವು, ಮುಕ್ಕಾಲು ಪಾಲು ಆಗಲಿಲ್ಲ. ಕೀತ್ ಗಂಟಲು ಸರಿಮಾಡಿಕೊಂಡು ಒಂದು ದಾರಿ ಹುಡುಕಿದ. ಮೆಟ್ಟಿಲ ಬಳಿ 'ಸಮುದಾಯ ಸೇವೆ' ಎಂದು ಇನ್ನೊಂದು ಫೋಟೋ ಸಾಲು ಬರಲಿದೆ. ಅವನ ಬಾಯಲ್ಲಿ 'ಬಸ್' ಆಗಿದ್ದ ಬಸವರಾಜ ಅಲ್ಲಿಗೆ ಚೆನ್ನಾಗಿ ಹೊಂದುತ್ತಾನಂತೆ. ಕ್ಲಬ್ಬಿಗೆ ಭಾರತದವರನ್ನು ಕರೆತಂದ, ಪ್ರತಿ ದೀಪಾವಳಿಗೂ ಎಲ್ಲರಿಗೆ ಊಟ ತಂದ.

"ಆ ಊಟ ನನ್ನ ಅಡುಗೆಮನೆಯದು ಕೀತ್," ಎಂದೆ. "ಪಲಾವಿಗೆ ಫೋಟೋ ಹಾಕುವುದಾದರೆ ನನ್ನದು ಹಾಕಿ. ಅವನು ಇಲ್ಲಿ ಮಾಡಿದ್ದು ಚೆಂಡು ಎಸೆಯುವ ಕೆಲಸ. ಆ ಲೆಕ್ಕದಲ್ಲಿ ಹಾಕುವುದಿದ್ದರೆ ಹಾಕಿ, ಇಲ್ಲವಾದರೆ ಬೇಡ."

ಹೊರಗೆ ಕಾರಿನಲ್ಲಿ ಬಸವರಾಜ ಕಾಯುತ್ತಿದ್ದ. ಮೊದಲಿನಿಂದಲೂ, "ಬಿಡ್ರಿ ಅಕ್ಕಾರ, ಗೋಡಿ ಮ್ಯಾಲ ನೇತಾಡಿ ನಾ ಏನ್ ಮಾಡೂದೈತಿ," ಎನ್ನುತ್ತಿದ್ದವನು, ಅವತ್ತು ಮಾತ್ರ ನನ್ನನ್ನು ಮನೆಗೆ ಬಿಡುವ ನೆಪ ಮಾಡಿಕೊಂಡು ಬಂದಿದ್ದ. ದಾರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವನನ್ನು ಕೇಳದೆಯೇ ಬೇಡವೆಂದು ಬಂದದ್ದನ್ನೂ ಹೇಳಿದೆ. ಸಿಗ್ನಲ್ ಹಸಿರಾದರೂ ಅವನು ಗಾಡಿ ಬಿಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

"ನಾ ಒಳಗ ಇದ್ದಿದ್ರ ಹೂಂ ಅಂದ್‌ಬಿಡ್ತಿದ್ದೆ," ಎಂದ. "ಬರೇ ಮರ್ಯಾದಿಗೆ ಹೂಂ ಅಂತಿದ್ದೆ. ಆಮ್ಯಾಲ ಆ ಮೆಟ್ಟಲಾ ಹತ್ತೂ ಮುಂದ ದಿನಾ ಸಿಟ್ಟು ಬರ್ತಿತ್ತು. ನೀವ್ ಬ್ಯಾಡಂದಿದ್ದ ಚೊಲೋ ಆತು." ಸ್ವಲ್ಪ ಮುಂದೆ ಹೋದ ಮೇಲೆ, "ಆದ್ರ ಅಕ್ಕಾರ, ನಾ ಖರೇನ ಚೊಲೋ ಎಸೀತಿದ್ನಿ, ಹೌದಲ್ಲ?" ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ಅವನು ತನ್ನ ಆಟದ ಬಗ್ಗೆ ನನ್ನನ್ನು ಕೇಳಿದ್ದು ಅದೊಂದೇ ಸಲ.

ಮೈದಾನದ ಅಂಚಿನಲ್ಲಿ ನಿಂತವಳು ಯಾರ ಪರವೂ ಮಾತಾಡಬಾರದೆಂದು ನಂಬಿ ಬದುಕಿದವಳು ನಾನು. ಅವತ್ತು ಹೌದು ಎಂದೆ. ಈಗಲೂ ಹೌದು ಎನ್ನುತ್ತೇನೆ, ಇಲ್ಲಿ ಅಚ್ಚಿನಲ್ಲಿಯೂ.

ಕಳೆದ ವಾರದ ಆ ರೈಲು ಪಿಕಡಿಲಿ ತಲುಪುವ ಹೊತ್ತಿಗೆ ಕೀತ್‌ನ ಫೋನ್ ಬಂತು. ಈ ವರ್ಷದ ಹೆಸರುಗಳನ್ನು ಕೊಡುವ ಸಮಯ.

"ಯಾರನ್ನು ಸೂಚಿಸುತ್ತೀಯ, ಲವ್?"

"ಬಸವರಾಜ. ಕ್ವಾರ್ಟರ್‌ಬ್ಯಾಕ್."

ಅತ್ತ ಕಡೆಯಿಂದ ದೊಡ್ಡ ನಿಟ್ಟುಸಿರು. "ಈ ಸಲವೂ ಆಗದಿದ್ದರೆ?"

"ಸಮಿತಿಯಿಂದ ನನ್ನನ್ನು ತೆಗೆಯುವವರೆಗೆ ಪ್ರತಿ ವರ್ಷವೂ ಈ ಹೆಸರನ್ನು ಕೇಳುತ್ತೀಯ, ಕೀತ್. ತೆಗೆದ ಮೇಲೆ ಬಾರಿನಲ್ಲಿ ಕೂತು ಹೇಳುತ್ತೇನೆ."

ಹಾಕಿ ಹುಡುಗಿ ಕುಂಟುತ್ತ ಇಳಿದಳು. ನಾನು ಅವಳ ಹಿಂದೆಯೇ ಇಳಿದೆ.